ನಾನು ಹೋದ ಮೇಲೆ ಇವನನ್ನು ನೋಡೋರು ಯಾರು?

ವಕ್ಕಲೇರಿ: ಮಾರ್ಕಂಡೇಶ್ವರನ ಬೆಟ್ಟ ಹತ್ತುವವರಿಗೆಲ್ಲ ಆ ಕಥೆ ಗೊತ್ತು. ಮೃಕಂಡು ಮುನಿಗೆ ಮಕ್ಕಳಿರಲಿಲ್ಲ. ತಪಸ್ಸಿಗೆ ಮೆಚ್ಚಿದ ಶಿವ ಒಂದು ಪ್ರಶ್ನೆ ಹಾಕಿದ. ಬುದ್ಧಿ ಮಂದ, ಆದರೆ ಬಹುಕಾಲ ಬಾಳುವ ಮಗ ಬೇಕೋ? ಜಾಣ, ಆದರೆ ಹದಿನಾರಕ್ಕೇ ಆಯಸ್ಸು ತೀರುವ ಮಗ ಬೇಕೋ? ಮುನಿ ಜಾಣನನ್ನೇ ಕೇಳಿದ. ಮಾರ್ಕಂಡೇಯ ಹುಟ್ಟಿದ. ಯಮ ಬಂದಾಗ ಲಿಂಗವನ್ನು ತಬ್ಬಿಕೊಂಡು ಬದುಕಿಕೊಂಡ.

ಸರಿ. ಆದರೆ ಮುನಿ ಬೇಡವೆಂದ ಆ ಇನ್ನೊಬ್ಬ ಮಗನ ಸುದ್ದಿ ಯಾರೂ ಎತ್ತುವುದಿಲ್ಲ. ಮುನಿಗೆ ಆರಿಸಿಕೊಳ್ಳುವ ಅವಕಾಶವಿತ್ತು. ನಮ್ಮ ಸೀಮೆಯ ಅಪ್ಪ ಅಮ್ಮಂದಿರಿಗೆ ಅದಿಲ್ಲ.

ಕೋಲಾರದ ಬಸ್ಸಿರಲಿ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಬಸ್ಸಿರಲಿ, ಇಂಥ ಜೋಡಿಯನ್ನು ನೋಡದ ಪ್ರಯಾಣಿಕರು ಕಡಿಮೆ. ಅರವತ್ತು ದಾಟಿದ ತಾಯಿ. ಆಕೆಯ ಸೆರಗು ಹಿಡಿದ ನಲವತ್ತರ ಮಗ. ಮೀಸೆ ನರೆತಿದೆ, ಮಾತು ಐದು ವರ್ಷದ ಹುಡುಗನದು. ಕಿಟಕಿ ಪಕ್ಕದ ಸೀಟೇ ಬೇಕು. ಪಕ್ಕದಲ್ಲಿದ್ದವರು ಸ್ವಲ್ಪ ಸರಿದು ಕೂರುತ್ತಾರೆ. "ಪಾಪ" ಅಂತಾರೆ. ಇಳಿದು ಹೋಗ್ತಾರೆ. ಆ ತಾಯಿಯ ತಲೆಯಲ್ಲಿ ಮಾತ್ರ ಒಂದೇ ಪ್ರಶ್ನೆ: "ನಾನು ಹೋದ ಮೇಲೆ ಇವನನ್ನು ನೋಡೋರು ಯಾರು?"

ಮೊದಲು ಇರದ ಪ್ರಶ್ನೆ

ಹಿಂದೆ ಈ ಪ್ರಶ್ನೆ ಇಷ್ಟು ದೊಡ್ಡದಾಗಿರಲಿಲ್ಲ. ಇಂಥ ಮಕ್ಕಳಲ್ಲಿ ಬಹಳ ಮಂದಿ ಅಪ್ಪ ಅಮ್ಮನಿಗಿಂತ ಮುಂಚೆಯೇ ಹೋಗಿಬಿಡುತ್ತಿದ್ದರು. ಡೌನ್ ಸಿಂಡ್ರೋಮ್ ಇರುವವರ ಸರಾಸರಿ ಆಯಸ್ಸು ಅಮೆರಿಕದಂಥ ದೇಶದಲ್ಲೇ 1983ರಲ್ಲಿ ಸುಮಾರು 25 ವರ್ಷ. ಈಗ ಅದು 60ರ ಹತ್ತಿರ ಬಂದಿದೆ. ಹೃದಯದ ಆಪರೇಷನ್, ಒಳ್ಳೆಯ ಔಷಧಿ ಬಂದವು, ಮಕ್ಕಳು ಉಳಿದರು. ಸಂತೋಷದ ವಿಷಯವೇ. ಆದರೆ ಮಗ ಮುದುಕನಾಗುವ ಹೊತ್ತಿಗೆ ತಾಯಿ ಇರುವುದಿಲ್ಲ.

2011ರ ಜನಗಣತಿ ಪ್ರಕಾರ ದೇಶದಲ್ಲಿ ಅಂಗವಿಕಲರು 2.68 ಕೋಟಿ, ಕರ್ನಾಟಕದಲ್ಲಿ 13 ಲಕ್ಷಕ್ಕೂ ಮೇಲೆ. ದೇಶದ ಲೆಕ್ಕದಲ್ಲಿ ಬುದ್ಧಿ ಬೆಳವಣಿಗೆಯ ತೊಂದರೆ ಇರುವವರೇ ಸುಮಾರು 15 ಲಕ್ಷ. ಮಕ್ಕಳಿಗಾದರೆ ಅಲ್ಲೊಂದು ಇಲ್ಲೊಂದು ವಿಶೇಷ ಶಾಲೆ ಇದೆ. ಶಾಲೆ ಮುಗಿದ ಮೇಲೆ? ಮನೆಯ ಜಗಲಿ, ಇಲ್ಲವೇ ಬೀಗ ಹಾಕಿದ ಕೋಣೆ.

ಬನ್ನೇರುಘಟ್ಟ ರಸ್ತೆಯ ಮನೆ

ಈ ಪ್ರಶ್ನೆಗೆ ಒಂದು ಉತ್ತರ ನಮಗೆ ದೂರವೇನಿಲ್ಲ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ 1970ರಲ್ಲಿ 'ಆಶಾ ನಿಕೇತನ' ಎಂಬ ಮನೆ ಶುರುವಾಯಿತು. 'ಲಾರ್ಷ್' ಎಂಬ ಜಾಗತಿಕ ಕೂಟಕ್ಕೆ ಸೇರಿದ, ಭಾರತದ ಮೊದಲ ಮನೆ ಅದು. ಆಮೇಲೆ ಕೋಲ್ಕತ್ತ, ಚೆನ್ನೈ, ಕೇರಳದ ಕೋಳಿಕೋಡು ಕಡೆಗೂ ಹಬ್ಬಿತು.

ಲಾರ್ಷ್ ಹುಟ್ಟಿದ್ದು 1964ರಲ್ಲಿ, ಫ್ರಾನ್ಸಿನ ತ್ರೋಲಿ ಎಂಬ ಹಳ್ಳಿಯಲ್ಲಿ. ಜಾನ್ ವಾನಿಯೇ ಎಂಬ ಕೆನಡಾದವನು ಆಸ್ಪತ್ರೆ ಗೋಡೆಗಳೊಳಗೆ ಕೊಳೆಯುತ್ತಿದ್ದ ಕೆಲವರನ್ನು ಕರೆತಂದು ಒಂದು ಸಣ್ಣ ಹಳೆ ಮನೆಯಲ್ಲಿ ಜೊತೆಗೇ ವಾಸಕ್ಕೆ ಕುಳಿತ. ಬಂದವರಲ್ಲಿ ಒಬ್ಬನಿಗೆ ಹೊಂದಿಕೆಯಾಗದೆ ಮಾರನೆಯ ದಿನವೇ ಬಿಟ್ಟುಬರಬೇಕಾಯಿತು. ಉಳಿದ ಇಬ್ಬರೊಂದಿಗೆ ಮನೆ ನಿಂತಿತು. ಇವತ್ತು ಅಂಥ ಬಳಗಗಳು 35ಕ್ಕೂ ಹೆಚ್ಚು ದೇಶಗಳಲ್ಲಿ ಸುಮಾರು 150 ಇವೆ.

ಇಲ್ಲಿನ ರೀತಿಯೇ ಬೇರೆ. ಇದು ಆಸ್ಪತ್ರೆಯಲ್ಲ, ಅನಾಥಾಶ್ರಮವೂ ಅಲ್ಲ. ನೋಡಿಕೊಳ್ಳುವವರು ಸಂಜೆ ಆರಕ್ಕೆ ಬ್ಯಾಗು ಹಿಡಿದು ಮನೆಗೆ ಹೋಗುವ ಪದ್ಧತಿಯಲ್ಲಿ ಇದು ಹುಟ್ಟಲಿಲ್ಲ. ಅಂಗವಿಕಲರೂ ಸಹಾಯಕ್ಕೆ ಬಂದವರೂ ಒಂದೇ ಸೂರಿನಡಿ ಇರುವುದು, ಒಂದೇ ಪಾತ್ರೆಯ ಸಾರು ಉಣ್ಣುವುದು. ಒಬ್ಬ ಸೊಪ್ಪು ಬಿಡಿಸಿದರೆ ಇನ್ನೊಬ್ಬ ತಟ್ಟೆ ಹಾಕುತ್ತಾನೆ. ಹಗಲು ಕೈಗೆ ತಕ್ಕ ಕೆಲಸ, ಸಂಜೆ ಒಟ್ಟಿಗೆ ಪ್ರಾರ್ಥನೆ, ಹುಟ್ಟುಹಬ್ಬ ಬಂತೆಂದರೆ ಮನೆಗೆಲ್ಲ ಹಬ್ಬ. ಭಾರತದ ಮನೆಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಎನ್ನುವ ಗೋಡೆ ಇಟ್ಟುಕೊಂಡಿಲ್ಲ.

ಮುಚ್ಚಿಡಬಾರದ ಮಾತು

ಒಳ್ಳೆಯದನ್ನು ಹೇಳಿ ಕೆಟ್ಟದ್ದನ್ನು ನುಂಗಿದರೆ ಓದುಗರಿಗೆ ಮೋಸ. ವಾನಿಯೇ 2019ರಲ್ಲಿ ತೀರಿಕೊಂಡ. ಲೋಕವೆಲ್ಲ ಸಂತ ಎಂದಿತ್ತು. 2020ರಲ್ಲಿ ಲಾರ್ಷ್ ತಾನೇ ಮಾಡಿಸಿದ ತನಿಖೆಯ ವರದಿ ಹೊರಬಿತ್ತು: ಧರ್ಮದ ಸಲಹೆ ಕೇಳಿ ಬಂದ ಹೆಂಗಸರನ್ನು ಆತ ಲೈಂಗಿಕವಾಗಿ ದುರುಪಯೋಗ ಮಾಡಿಕೊಂಡಿದ್ದ. 2023ರ ವರದಿಯಲ್ಲಿ ಅಂಥವರ ಸಂಖ್ಯೆ ಕನಿಷ್ಠ 25 ಎಂದಾಯಿತು. ಅವರು ಅಂಗವಿಕಲರಲ್ಲ ಎಂದೂ ವರದಿ ಹೇಳಿತು. ಅದರಿಂದ ತಪ್ಪೇನೂ ಚಿಕ್ಕದಾಗುವುದಿಲ್ಲ.

ಇದರಿಂದ ಕಲಿಯುವ ಪಾಠ ಒಂದೇ. ಯಾವ ಮನೆಯೂ ಒಬ್ಬ ದೊಡ್ಡ ಮನುಷ್ಯನ ಹೆಸರಿನ ಮೇಲೆ ನಡೆಯಬಾರದು. ಬಾಗಿಲು ತೆರೆದಿರಬೇಕು, ಲೆಕ್ಕ ಕೇಳುವವರು ಇರಬೇಕು. ತನ್ನ ಕಷ್ಟ ಹೇಳಲು ಬಾಯಿ ಬಾರದವರು ಇರುವ ಕಡೆ ಇದು ನೂರು ಪಾಲು ನಿಜ. ಅಲ್ಲಿ ಸ್ವಯಂಸೇವಕನ ಗುರುತು ಪತ್ರ, ಹಿನ್ನೆಲೆ ವಿಚಾರಿಸುತ್ತಾರೆ ಎಂದರೆ ಕೋಪ ಮಾಡಿಕೊಳ್ಳುವ ಹಾಗಿಲ್ಲ. ವಿಚಾರಿಸದ ಜಾಗದ ಮೇಲೇ ಅನುಮಾನ ಪಡಬೇಕು.

ಬಂದವರು ಹೋಗುತ್ತಾರೆ

ಇಂಥ ಮನೆಗಳ ನಿಜವಾದ ಕಷ್ಟ ದುಡ್ಡಿನದೊಂದೇ ಅಲ್ಲ. ಜನದ್ದು. ಕಾಲೇಜು ಮುಗಿಸಿದ ಹುಡುಗ ಹುಡುಗಿಯರು ಬರುತ್ತಾರೆ. ಮೊದಲ ವಾರ ಮುಜುಗರ. ಜೊಲ್ಲು ಒರೆಸಬೇಕು, ಸ್ನಾನಕ್ಕೆ ಕೈ ಹಿಡಿದು ನಡೆಸಬೇಕು, ಒಂದೇ ಪ್ರಶ್ನೆಗೆ ಹತ್ತು ಸಲ ಉತ್ತರ ಕೊಡಬೇಕು. ತಿಂಗಳು ಕಳೆಯುವ ಹೊತ್ತಿಗೆ ಸ್ನೇಹ ಬೆಳೆದಿರುತ್ತದೆ. ವರ್ಷ ತುಂಬುವ ಹೊತ್ತಿಗೆ ಕೆಲಸ ಸಿಕ್ಕಿತು, ಮದುವೆ ಗೊತ್ತಾಯಿತು. "ಬರ್ತೀನಿ" ಅಂತ ಹೊರಡುತ್ತಾರೆ.

ಹೋದವರಿಗೆ ಅದು ಬದುಕಿನಲ್ಲಿ ಒಂದು ಒಳ್ಳೆಯ ವರ್ಷ. ಉಳಿದವನಿಗೆ? ಇಪ್ಪತ್ತು ವರ್ಷದಲ್ಲಿ ಕಳೆದುಕೊಂಡ ಎಷ್ಟನೆಯ ಸ್ನೇಹಿತನೋ. 'ಬರ್ತೀನಿ' ಎಂದವರು ಬರುತ್ತಾರೆ ಅಂತಲೇ ಅವನು ನಂಬುತ್ತಾನೆ. ಗೇಟಿನ ಸದ್ದಾದರೆ ಎದ್ದು ನೋಡುತ್ತಾನೆ.

ಹಾಗಾದರೆ ಹೋಗಲೇಬಾರದೇ? ಹೋಗಬೇಕು. ಆದರೆ ನಡೆಸಿಕೊಡಲು ಆಗುವಷ್ಟೇ ಮಾತು ಕೊಡಬೇಕು. ಹಬ್ಬದ ದಿನ ಮಿಠಾಯಿ ಡಬ್ಬ, ಫೋಟೋದವನ ಜೊತೆ ನುಗ್ಗಿ ಒಂದು ಗಂಟೆಯಲ್ಲಿ ಹೊರಟುಹೋಗುವ ಹತ್ತು ಜನಕ್ಕಿಂತ, ತಿಂಗಳಿಗೊಂದು ಭಾನುವಾರ ತಪ್ಪದೆ ಹತ್ತು ವರ್ಷ ಬರುವ ಒಬ್ಬ ಅಂಗಡಿಯವನು ವಾಸಿ. ಹೊರಡುವ ಕಾಲ ಬಂದರೆ ಮೊದಲೇ ಹೇಳಿ, ಕೂತು ಊಟ ಮಾಡಿ, ಹೇಳಿಯೇ ಹೊರಡಬೇಕು. ಮಾತ್ರೆ ಗುಳಿಗೆಯ ವಿಚಾರದಲ್ಲಿ ಸ್ವಂತ ಬುದ್ಧಿ ಉಪಯೋಗಿಸಬಾರದು. ದೊಡ್ಡವರನ್ನು 'ಪಾಪು' ಅನ್ನಬಾರದು. ನಲವತ್ತರವನು ನಲವತ್ತರವನೇ.

ಕಾಗದ ಮಾಡಿಸಿಟ್ಟುಕೊಳ್ಳಿ

ಮನೆ ಸಿಗಲಿ ಬಿಡಲಿ, ತಾಯಿ ಇದ್ದಾಗಲೇ ಆಗಬೇಕಾದ ಕೆಲಸ ಒಂದಿದೆ. ಹದಿನೆಂಟು ತುಂಬಿದ ಮೇಲೆ ಕಾನೂನಿನ ಕಣ್ಣಿಗೆ ಮಗ ಮಗುವಲ್ಲ. ಬ್ಯಾಂಕು, ಜಮೀನಿನ ವಿಷಯದಲ್ಲಿ ಅವನ ಪರವಾಗಿ ಸಹಿ ಹಾಕಲು ಬರೀ 'ಅಮ್ಮ' ಎಂದರೆ ಸಾಲದು. 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆ ಪ್ರಕಾರ ಪಾಲಕರನ್ನು ನೇಮಿಸುವ ಸಮಿತಿ ಜಿಲ್ಲೆಯಲ್ಲಿರುತ್ತದೆ. ಅದಕ್ಕೆ ಡಿ.ಸಿ. ಸಾಹೇಬರೇ ಮುಖ್ಯಸ್ಥರು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿ ಬೆಳವಣಿಗೆಯ ತೊಂದರೆ, ಬಹುವಿಧ ಅಂಗವಿಕಲತೆ ಇರುವವರಿಗೆ ಇದು ಅನ್ವಯ. ಅದೇ ಟ್ರಸ್ಟಿನ 'ನಿರಾಮಯ' ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ.

2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಮಾಜದ ನಡುವೆ ಬದುಕುವುದು ಇವರ ಹಕ್ಕು ಎಂದಿದೆ. ಗೋಡೆಯೊಳಗೆ ದೂಡುವಂತಿಲ್ಲ. ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಗುರುತಿನ ಚೀಟಿ, ಮಾಸಾಶನದ ಅರ್ಜಿಗೆ ಮೊದಲು ಅವರನ್ನೇ ಹಿಡಿಯಬೇಕು.

ಊರಿನ ಪಾಲು

ಬನ್ನೇರುಘಟ್ಟ ರಸ್ತೆಯ ಮನೆಯಲ್ಲಿ ಎಷ್ಟು ಜನ ಹಿಡಿದಾರು? ಹಳ್ಳಿಹಳ್ಳಿಗೆ ಇಂಥ ಮನೆ ಕಟ್ಟುವುದು ನಾಳೆಗೇ ಆಗುವ ಮಾತಲ್ಲ. ಆದರೆ ಊರೇ ಮನೆಯಾಗಬಹುದು. ಬೆಲ್ಜಿಯಂ ದೇಶದ ಗೀಲ್ ಎಂಬ ಊರಿನಲ್ಲಿ ನೂರಾರು ವರ್ಷದಿಂದ ಮನೋರೋಗಿಗಳನ್ನು ಸಾಮಾನ್ಯ ಸಂಸಾರಗಳೇ ಮನೆಯಲ್ಲಿಟ್ಟುಕೊಂಡು ಬಂದಿವೆ. ಮೊದಲು ಇಗರ್ಜಿಗೆ ಹರಕೆ ಹೊತ್ತು ಬಂದವರು, ಆಮೇಲೆ ಊರಿನವರೇ ಆದರು. 1938ರಲ್ಲಿ ಅಂಥವರು ಮೂರೂವರೆ ಸಾವಿರಕ್ಕೂ ಮೇಲಿದ್ದರು.

ನಮ್ಮ ಊರುಗಳಲ್ಲೂ ಇದರ ಅರ್ಧ ನಡೆದೇ ಇದೆ, ಹೆಸರಿಲ್ಲದೆ. ಡೇರಿಗೆ ಹಾಲಿನ ಕ್ಯಾನು ಹೊತ್ತು ತರುವವನು, ಹೋಟೆಲಿಗೆ ನೀರು ತುಂಬುವವನು, ಟೊಮ್ಯಾಟೊ ಕ್ರೇಟು ಜೋಡಿಸುವವನು. ಕೆಲಸ ಮಾಡಿಸಿಕೊಳ್ಳುತ್ತೇವೆ. ಕೂಲಿ ಬದಲು ಕಾಫಿ ಕೊಟ್ಟು ಕಳಿಸುತ್ತೇವೆ. ಮೇಲೊಂದು ಅಡ್ಡಹೆಸರು. ಇದು ಸರಿಯೇ? ಕೆಲಸಕ್ಕೆ ಕೂಲಿ ಅವನ ಕೈಗೇ, ಇಲ್ಲವೇ ಮನೆಯವರ ಕೈಗೆ ಕೊಡಿ. ಹೆಸರು ಹಿಡಿದು ಕರೆಯಿರಿ. "ಬಾಪ್ಪಾ, ಊಟ ಆಯ್ತಾ?" ಎಂದು ಕೇಳಿ. ಒಂದು ದಿನ ಕಾಣದಿದ್ದರೆ "ಯಾಕೆ ಬರಲಿಲ್ಲ?" ಎಂದು ಮನೆಗೆ ಹೋಗಿ ವಿಚಾರಿಸಿ. ವಾರಕ್ಕೊಂದು ಮಧ್ಯಾಹ್ನ ಅವನ ಜೊತೆ ಯಾರಾದರೂ ಕೂತರೆ, ಆ ತಾಯಿ ಸಂತೆಗೋ ಆಸ್ಪತ್ರೆಗೋ ನೆಮ್ಮದಿಯಾಗಿ ಹೋಗಿ ಬಂದಾಳು.

ಸ್ವಯಂಸೇವೆ ಎಂದರೆ ಇದೇ. ಬೆಂಗಳೂರಿನ ಟಿಕೆಟ್ಟು ತೆಗೆಯಲೇಬೇಕೆಂದಿಲ್ಲ.

ಮೃಕಂಡು ಮುನಿ ಬೇಡವೆಂದ ಆ ಮಗ ಪ್ರತಿ ಊರಿನಲ್ಲೂ ಹುಟ್ಟಿದ್ದಾನೆ. ನಾಳೆ ಬಸ್ಸಿನಲ್ಲಿ ನಿಮ್ಮ ಪಕ್ಕದಲ್ಲೇ ಕೂರುತ್ತಾನೆ. ಕಿಟಕಿ ಸೀಟು ಬಿಟ್ಟುಕೊಡಿ. ಹೆಸರು ಕೇಳಿ.