ಪಕ್ಕದಲ್ಲಿ ಇನ್ನೊಂದು ಸಾಲು

ರಾತ್ರಿ ಮಲಗುವ ಮುಂಚೆ, ಆ ದಿನ ಚೆನ್ನಾಗಿ ನಡೆದ ಮೂರು ಸಂಗತಿ ಬರೆಯಬೇಕು. ದೊಡ್ಡದೇ ಆಗಬೇಕೆಂದಿಲ್ಲ; ಗೆಳತಿ ಡಬ್ಬಿಯಿಂದ ಅರ್ಧ ಹೋಳಿಗೆ ಮುರಿದುಕೊಟ್ಟಳು ಅಂದರೂ ನಡೆಯುತ್ತದೆ. ಆದರೆ ಪಕ್ಕದಲ್ಲಿ ಇನ್ನೊಂದು ಸಾಲು ಇರಲೇಬೇಕು: ಅದು ಯಾಕಾಯಿತು? ನಿಜವಾದ ಕೆಲಸ ಈ ಸಾಲಿನದು. ‘ನಿನ್ನೆ ಅವಳಿಗೆ ಭಿನ್ನರಾಶಿ ಹೇಳಿಕೊಟ್ಟಿದ್ದೆ’ ಎಂದು ಬರೆದ ಹುಡುಗಿಗೆ, ನಡೆದ ಒಳ್ಳೆಯದರಲ್ಲಿ ತನ್ನ ಕೈಯೂ ಇದೆ ಎಂಬುದು ಯಾರೂ ಹೇಳದೆಯೇ ಹೊಳೆಯುತ್ತದೆ.

ನಮ್ಮ ಮನಸ್ಸು ಹತ್ತು ಲೆಕ್ಕದಲ್ಲಿ ಸರಿಯಾದ ಒಂಬತ್ತನ್ನು ಬಿಟ್ಟು ಕೆಂಪು ಗೀಟು ಬಿದ್ದ ಒಂದನ್ನೇ ಕೆರೆಯುತ್ತಾ ಕೂರುವ ಜಾತಿಯದು. ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್ಮನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ಸಂಗತಿ ಬರೆಯುವ ಈ ಅಭ್ಯಾಸವನ್ನು ಒಂದೇ ವಾರ ಮಾಡಿದ ದೊಡ್ಡವರಲ್ಲಿ ಖಿನ್ನತೆಯ ಲಕ್ಷಣಗಳು ತಗ್ಗಿದ್ದು ಆರು ತಿಂಗಳವರೆಗೂ ಕಂಡುಬಂತು. ರೋಗಕ್ಕಿಂತ ಮನಸ್ಸಿನ ಬಲ, ನೆಮ್ಮದಿಗಳತ್ತ ನೋಡುವ ಸಕಾರಾತ್ಮಕ ಮನಶ್ಶಾಸ್ತ್ರ ಶಾಲೆಗೆ ಹೊತ್ತುತಂದ ಸಾಮಾನುಗಳಲ್ಲಿ ಇದೂ ಒಂದು.

‘ಇದರಿಂದ ಮಾರ್ಕ್ಸ್ ಬರುತ್ತಾ?’ ಎಂದು ಅಪ್ಪ-ಅಮ್ಮ ಕೇಳುವುದು ನ್ಯಾಯವೇ. ಭಾವನೆಗಳನ್ನು ಸಂಭಾಳಿಸುವುದು, ಇನ್ನೊಬ್ಬರೊಡನೆ ಹೊಂದಿ ನಡೆಯುವುದು ಇಂಥವನ್ನು ಕಲಿಸುವ 213 ಶಾಲಾ ಕಾರ್ಯಕ್ರಮಗಳ ಫಲಿತಾಂಶವನ್ನು 2011ರಲ್ಲಿ ಒಟ್ಟುಹಾಕಿ ನೋಡಲಾಯಿತು, ಮಕ್ಕಳು 2.7 ಲಕ್ಷ. ನೂರು ಮಕ್ಕಳ ಸಾಲಿನಲ್ಲಿ ನಟ್ಟನಡುವೆ ನಿಂತಿದ್ದ ಮಗು ಓದಿನಲ್ಲಿ ಸುಮಾರು 11 ಮಂದಿಯನ್ನು ದಾಟುವಷ್ಟು ವ್ಯತ್ಯಾಸ ಸಿಕ್ಕಿತು.

ಹಾಗೆಂದು ಎಲ್ಲವೂ ಫಲಿಸುತ್ತದೆ ಎಂದಲ್ಲ. ಬ್ರಿಟನ್ನಿನ 85 ಶಾಲೆಗಳ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಶಿಕ್ಷಕರಿಂದಲೇ ಧ್ಯಾನದ ಬಗೆಯ ‘ಮೈಂಡ್‌ಫುಲ್‌ನೆಸ್’ ಕಲಿಸಿ ನೋಡಿದ ಪ್ರಯೋಗದ ಫಲಿತಾಂಶ 2022ರಲ್ಲಿ ಹೊರಬಂತು. ಮಾಮೂಲಿ ಪಾಠಕ್ಕಿಂತ ಮಕ್ಕಳಿಗೆ ಹೆಚ್ಚೇನೂ ಲಾಭವಾಗಿರಲಿಲ್ಲ. ತಮಾಷೆಯೆಂದರೆ, ಕಲಿಸಲು ತಾವೂ ಕಲಿತ ಶಿಕ್ಷಕರ ಬಳಲಿಕೆ ಕೆಲಕಾಲವಾದರೂ ಇಳಿದಿತ್ತು! ನನಗೆ ಸೋಲಿಗಿಂತ ದೊಡ್ಡದಾಗಿ ಕಂಡದ್ದು ಇದೇ. ಬೇಸತ್ತು ಬಂದ ಮೇಷ್ಟ್ರು ‘ಎಲ್ಲರೂ ಖುಷಿಯಾಗಿರಿ’ ಎಂದರೆ ಮಕ್ಕಳು ನಂಬುವುದುಂಟೆ?

2008ರಲ್ಲಿ ಆಸ್ಟ್ರೇಲಿಯಾದ ಜೀಲಾಂಗ್ ಗ್ರಾಮರ್ ಶಾಲೆಗೆ ಹೋದ ಸೆಲಿಗ್ಮನ್ ತಂಡ ಮೊದಲು ಕೂರಿಸಿದ್ದು ಮಕ್ಕಳನ್ನಲ್ಲ, ಸುಮಾರು ನೂರು ಸಿಬ್ಬಂದಿಯನ್ನು. ಒಂಬತ್ತು ದಿನದ ತರಬೇತಿ. ಇವನ್ನೆಲ್ಲ ಮೊದಲು ಸ್ವಂತ ಬದುಕಿಗೆ ಹಚ್ಚಿಕೊಳ್ಳಿ, ಪಾಠದ ಮಾತು ಆಮೇಲೆ ಎಂಬುದು ಅದರ ಕ್ರಮ. ಅದು ದುಬಾರಿ ಫೀಸಿನ ಶಾಲೆ, ನಿಜ. ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ ಎಲ್ಲ ಹೊತ್ತ ನಮ್ಮ ಸರ್ಕಾರಿ ಶಾಲೆಯ ಟೀಚರಿಗೆ ಆ ಒಂಬತ್ತು ದಿನ ಕೊಡುವವರು ಯಾರು?