ಕರೆದವರಾರು?

ಗಿರಾಕಿಯು ಕರೆದೊಡನೆ ಮಾಣಿಯು ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ಧಾವಿಸುವನಷ್ಟೆ. ಗಣಕಯಂತ್ರದಲ್ಲಿಯೂ ಕೀಲಿಮಣೆಯೋ ಜಾಲದ ಕಾರ್ಡೋ ಕರೆದರೆ ಪ್ರೊಸೆಸರು ಹಿಡಿದ ಕೆಲಸವನ್ನು ನಿಲ್ಲಿಸಿ ಓಗೊಡುತ್ತದೆ. ಈ ಕರೆಯೇ ‘ಇಂಟರಪ್ಟ್’.

ನಮ್ಮ ಚೆನ್ನೈಯ ಐ.ಐ.ಟಿ.ಯವರ ‘ಶಕ್ತಿ’ ಪ್ರೊಸೆಸರು 2018ರಲ್ಲಿ ನಡೆಸಿ ತೋರಿದ ಲಿನಕ್ಸ್ ವ್ಯವಸ್ಥೆಯಲ್ಲಿ, ಉಪಕರಣದ ಡ್ರೈವರ್ ಬರೆಯುವವನು ಇಂಟರಪ್ಟನ್ನು ಕೋರುವಾಗಲೇ ಅದಕ್ಕೊಂದು ಹೆಸರನ್ನು ಸೂಚಿಸುತ್ತಾನೆ. ‘ಪ್ರಾಕ್ ಇಂಟರಪ್ಟ್ಸ್’ ಎಂಬ ಪಟ್ಟಿಯಲ್ಲಿ ಕರೆಗಳ ಲೆಕ್ಕದೆದುರು ಕಾಣುವುದು ಆ ಹೆಸರೇ. ಎರಡು ಕಾರ್ಡುಗಳಿಗೂ ಒಂದೇ ಹೆಸರಿಟ್ಟರೆ, ಯಂತ್ರವು ಕುಂಟಿದ ರಾತ್ರಿ ಎಡೆಬಿಡದೆ ಕೂಗುತ್ತಿರುವುದು ಯಾವುದೆಂದು ಪಾಳಿಯವನು ತಿಳಿಯುವುದೆಂತು? ಮೇಜಿನ ನಂಬರಿಲ್ಲದ ಬಿಲ್ಲು ಗಲ್ಲಾಪೆಟ್ಟಿಗೆಗೆ ಬಂದಂತೆಯೇ ಸರಿ.

ಹಳೆ ಮಹಾಬಲಿಪುರ ರಸ್ತೆಯ ಕಂಪನಿಗಳಲ್ಲಿ ದುಡಿಯುವ ನಮ್ಮ ಹುಡುಗರಿಗೆ ನಾವು ಹೇಳುವುದಿಷ್ಟೆ: ಯಾವ ಉಪಕರಣ, ಯಾವ ಕೆಲಸ ಎಂಬೆರಡನ್ನೂ ಹೆಸರೇ ಹೇಳಲಿ.