ಆ ಒಂದು ಗಂಟೆ ಯಾರದ್ದು?

ಹಬ್ಬದ ಸೀಸನ್ನಿನಲ್ಲಿ ಸೀರೆ ಅಂಗಡಿಗೆ ಹೋಗಿರ್ತೀರಿ. ಮಧ್ಯಾಹ್ನ ಮೂರೂವರೆ. ಕೌಂಟರ್ ಆಚೆ ನಿಂತ ಹುಡುಗಿ ಒಂದಾದ ಮೇಲೊಂದು ಸೀರೆ ಬಿಚ್ಚಿ ತೋರಿಸ್ತಾನೇ ಇರ್ತಾಳೆ. ಅವಳ ಊಟ ಆಯ್ತಾ? ನಾವು ಕೇಳೋದಿಲ್ಲ. ಕೇಳಬೇಕಾದ ಮಾಲೀಕರು, "ರಶ್ ಇಳೀಲಿ, ಆಮೇಲೆ ಹೋಗು" ಅಂತಾರೆ. ರಶ್ ಇಳಿಯೋ ಹೊತ್ತಿಗೆ ಡಬ್ಬಿಯಲ್ಲಿದ್ದ ಅನ್ನ ಹಳಸಿರುತ್ತೆ.

ಊಟಕ್ಕೆ ಬಿಡೋದು ಮಾಲೀಕರ ದೊಡ್ಡ ಮನಸ್ಸು ಅಂತ ಇಬ್ಬರೂ ನಂಬಿಬಿಟ್ಟಿದ್ದಾರೆ. ನನ್ನ ತಕರಾರು ಇರೋದೇ ಇಲ್ಲಿ. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಏನು ಹೇಳುತ್ತೆ ಗೊತ್ತಾ? ಯಾರನ್ನೂ ಒಂದೇ ಸಮನೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಅಷ್ಟರೊಳಗೆ ಕನಿಷ್ಠ ಒಂದು ಗಂಟೆ ಬಿಡುವು ಕೊಡಲೇಬೇಕು. ಬೆಳಗ್ಗೆ ಹತ್ತಕ್ಕೆ ಕೆಲಸ ಶುರುವಾದರೆ ಮಧ್ಯಾಹ್ನ ಮೂರು ದಾಟುವ ಹಾಗಿಲ್ಲ.

ಈಗ ದುಡ್ಡಿನ ಲೆಕ್ಕಕ್ಕೆ ಬನ್ನಿ. ಇದನ್ನು ಯಾರೂ ನಿಮಗೆ ಹೇಳಿರೋದಿಲ್ಲ. ದಿನಕ್ಕೆ ಕೆಲಸ ಒಂಬತ್ತು ಗಂಟೆ, ವಾರಕ್ಕೆ 48. ಬಿಡುವು ಆ ಒಂಬತ್ತರಲ್ಲಿ ಸೇರೋದಿಲ್ಲ. ಅಂದರೆ ಹತ್ತಕ್ಕೆ ಬಂದವರು ರಾತ್ರಿ ಎಂಟಕ್ಕೆ ಹೊರಟರೆ ಒಂಬತ್ತು ಗಂಟೆ ಕೆಲಸ, ಒಂದು ಗಂಟೆ ಬಿಡುವು. ಆ ಬಿಡುವನ್ನೇ ಕೊಡದೆ ದುಡಿಸಿದರೆ? ಹತ್ತು ಗಂಟೆ ಕೆಲಸ ಆಯ್ತಲ್ಲ! ಹತ್ತನೆಯದು ಓವರ್‌ಟೈಮ್. ಅದಕ್ಕೆ ದುಪ್ಪಟ್ಟು ಕೂಲಿ ಕೊಡಬೇಕು. ಬಾಯಲ್ಲಿ ತುತ್ತು ಇರುವಾಗಲೇ "ಬಾರಮ್ಮ, ಕಸ್ಟಮರ್ ಬಂದ್ರು" ಅಂತ ಎಬ್ಬಿಸಿದರೆ ಅದನ್ನು ಬಿಡುವು ಅಂತ ನಾನಂತೂ ಕರೆಯಲಾರೆ.

ಹೋಟೆಲಿನಲ್ಲಿ ಇನ್ನೊಂದು ಆಟ ಇದೆ. ಬೆಳಗ್ಗೆ ಆರಕ್ಕೆ ಕರೆಸಿ, ಮಧ್ಯಾಹ್ನ ಗಿರಾಕಿ ಕಮ್ಮಿ ಅಂತ ಕಳಿಸಿ, ಸಂಜೆ ಮತ್ತೆ ಕರೆದು ರಾತ್ರಿ ಹತ್ತರವರೆಗೆ ನಿಲ್ಲಿಸ್ಕೊಳ್ಳೋದು. "ಮಧ್ಯೆ ರೆಸ್ಟ್ ಕೊಟ್ಟಿದ್ದೀವಲ್ಲ ಸಾರ್" ಅಂತಾರೆ. ಬಿಡುವೂ ಸೇರಿ ದಿನದ ಒಟ್ಟು ಅವಧಿ 12 ಗಂಟೆ ಮೀರಬಾರದು ಅಂತಲೂ ಅದೇ ಕಾಯ್ದೆಯಲ್ಲಿದೆ. ಆರರಿಂದ ಹತ್ತು ಎಂದರೆ ಹದಿನಾರು!

ಕಾರ್ಖಾನೆಯ ಲೆಕ್ಕ ಬೇರೆ. 1948ರ ಕಾರ್ಖಾನೆ ಕಾಯ್ದೆ ಬರೆದದ್ದು ಐದು ಗಂಟೆಗೆ ಅರ್ಧ ಗಂಟೆ. 2023ರಲ್ಲಿ ನಮ್ಮ ರಾಜ್ಯ ಅದಕ್ಕೆ ತಿದ್ದುಪಡಿ ತಂದು ಐದನ್ನು ಆರಕ್ಕೆ ಏರಿಸಲು ದಾರಿ ಮಾಡಿತು. ಹೊಟ್ಟೆಗೆ ಯಾರೂ ತಿದ್ದುಪಡಿ ತರಲಿಲ್ಲ, ಅದಿರಲಿ.

ಇನ್ನು ಕೂರುವ ವಿಷಯ. ಕೇರಳದ ಕೋಳಿಕ್ಕೋಡಿನ ಮಿಠಾಯಿ ಬೀದಿಯಲ್ಲಿ ಅಂಗಡಿ ಕೆಲಸದ ಹೆಣ್ಣುಮಕ್ಕಳು ಶೌಚಾಲಯಕ್ಕಾಗಿ, ಒಂದು ಸ್ಟೂಲಿಗಾಗಿ ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಕೇರಳ ಸರ್ಕಾರ ಕೂರುವ ಹಕ್ಕನ್ನು ಕಾನೂನಿಗೆ ಸೇರಿಸಿತು. 2021ರಲ್ಲಿ ತಮಿಳುನಾಡೂ ಸೇರಿಸಿತು. ಅಕ್ಕಪಕ್ಕದ ಮನೆಯಲ್ಲಿ ಆದದ್ದು ನಮ್ಮ ವಿಧಾನಸೌಧಕ್ಕೆ ಕೇಳಿಸೋದಿಲ್ವಾ?

ಕೆಲಸ ಹೋಗುತ್ತೆ ಅನ್ನೋ ಭಯ ಸುಳ್ಳಲ್ಲ, ನನಗೂ ಗೊತ್ತು. ಹಾಗಾಗಿ ಮೊದಲು ಜಗಳ ಬೇಡ. ಬಂದ ಹೊತ್ತು, ಊಟಕ್ಕೆ ಎದ್ದ ಹೊತ್ತು, ಮತ್ತೆ ಕರೆದ ಹೊತ್ತು, ಹೊರಟ ಹೊತ್ತು, ಇಷ್ಟನ್ನು ಒಂದು ಪುಟ್ಟ ಡೈರಿಯಲ್ಲಿ ದಿನಾ ಬರೆದಿಡಿ. ಜೊತೆಯವರೂ ಬರೆಯಲಿ. ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ್ ಹತ್ತಿರ ಒಬ್ಬರೇ ಹೋಗಬೇಡಿ, ನಾಲ್ಕು ಜನ ಹೋಗಿ. ಡೈರಿ ಕೈಯಲ್ಲಿರಲಿ.